ಹಾಲೂಡಿಸುವ ತಾಯಿ ಕೆಲಸಕ್ಕೆ ಮರಳಿದಾಗ ಸರ್ಕಾರಿ ಕಚೇರಿ ಮಾಡಬೇಕಾದ್ದು

ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. ಆ ವಾರ ಟೇಪು ಕತ್ತರಿಸಿ ತೆರೆದ ಹಾಲೂಡಿಸುವ ಕೋಣೆಗೆ ಮೂರು ತಿಂಗಳು ಬಿಟ್ಟು ಹೋಗಿ ನೋಡಿದರೆ ಎಷ್ಟೋ ಕಡೆ ಬಾಗಿಲಿಗೆ ಬೀಗ, ಒಳಗೆ ಕಾಲು ಮುರಿದ ಕುರ್ಚಿ, ಹಳೇ ಕಡತಗಳ ಗಂಟು. ಕೇಳಿದರೆ "ಯಾರೂ ಬಳಸೋದೇ ಇಲ್ಲ" ಎಂಬ ಉತ್ತರ ಸಿದ್ಧವಿರುತ್ತದೆ. ಕೋಣೆ ಬೇಡವೆಂದು ಯಾರೂ ಬಿಟ್ಟಿರುವುದಿಲ್ಲ. ಕೌಂಟರ್ ಬಿಟ್ಟು ಏಳಲು ಹಾಲೂಡಿಸುವ ತಾಯಿಗೆ ಸಮಯ ಗೊತ್ತುಮಾಡಿಲ್ಲ, ಎದ್ದರೆ ಅಲ್ಲಿ ಕೂರುವವರಿಲ್ಲ, ಬೀಗದ ಕೈ ಇಟ್ಟುಕೊಂಡವರನ್ನು ದಿನಕ್ಕೆ ಮೂರು ಸಲ ಕೇಳಲು ಸಂಕೋಚ. ಹಾಗಾಗಿ ಇಲ್ಲಿ ಕೋಣೆಯ ಮಾತು ನಾಲ್ಕನೆಯದಾಗಿ ಬರುತ್ತದೆ. ಮೊದಲು ದೇಹ, ಆಮೇಲೆ ಸಮಯ, ಆಮೇಲೆ ಆದೇಶ. ಕಚೇರಿ ಮುಖ್ಯಸ್ಥರು, ಸಿಬ್ಬಂದಿ ಶಾಖೆಯವರು ಮತ್ತು ರಜೆ ಮುಗಿಸಿ ಮರಳುತ್ತಿರುವ ತಾಯಿ, ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಮೂರು ಗಂಟೆಯ ಲೆಕ್ಕ

ಎದೆಯಿಂದ ಹಾಲು ಎಷ್ಟು ಹೊರಗೆ ಹೋಗುತ್ತದೋ ಅಷ್ಟನ್ನು ದೇಹ ಮತ್ತೆ ತಯಾರಿಸುತ್ತದೆ. ಹಾಲು ಉತ್ಪತ್ತಿಗೆ ಪ್ರೊಲ್ಯಾಕ್ಟಿನ್, ಅದು ಹೊರಗೆ ಇಳಿಯಲು ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು. ಎದೆ ತುಂಬಿಯೇ ಉಳಿದರೆ "ಸಾಕು, ಬೇಡಿಕೆ ಇಲ್ಲ" ಎಂದು ದೇಹ ಅರ್ಥಮಾಡಿಕೊಂಡು ಉತ್ಪತ್ತಿಯನ್ನು ತಗ್ಗಿಸುತ್ತದೆ. ಒಂದು ದಿನ ಹೀಗಾದರೆ ದೊಡ್ಡ ನಷ್ಟವಿಲ್ಲ. ಎರಡು ವಾರ ದಿನವೂ ಎಂಟು ಗಂಟೆ ಹಾಗೇ ಬಿಟ್ಟರೆ ಹಾಲು ಕಡಿಮೆಯಾಗುತ್ತದೆ. "ಕೆಲಸಕ್ಕೆ ಹೋದ ಮೇಲೆ ಹಾಲು ಬತ್ತಿಹೋಯಿತು" ಎಂದು ಹೇಳುವುದು ಬಹುಮಟ್ಟಿಗೆ ಇದನ್ನೇ.

ಆರು ತಿಂಗಳೊಳಗಿನ ಮಗು ಎದೆಹಾಲನ್ನೇ ನಂಬಿರುವಾಗ ಹೆಚ್ಚಿನ ತಾಯಂದಿರು ಎರಡೂವರೆಯಿಂದ ಮೂರು ಗಂಟೆಗೊಮ್ಮೆ ಹಾಲೂಡಿಸಬೇಕು ಅಥವಾ ಹಾಲು ತೆಗೆಯಬೇಕು. ಮಗುವಿಗೆ ಬೇಕಾಗುವ ಪ್ರಮಾಣವೂ ಗೊತ್ತಿರಲಿ: ಒಂದರಿಂದ ಆರು ತಿಂಗಳ ನಡುವೆ ದಿನಕ್ಕೆ ಸರಾಸರಿ 750ರಿಂದ 800 ಮಿ.ಲೀ. ಮಗುವಿನಿಂದ ಮಗುವಿಗೆ ಇದು ಸಾಕಷ್ಟು ಬದಲಾಗುತ್ತದೆ. ಪ್ರಯಾಣವೂ ಸೇರಿ ತಾಯಿ ಒಂಬತ್ತು ಗಂಟೆ ಹೊರಗಿದ್ದರೆ ಆ ಹೊತ್ತಿನ ಪಾಲು ಸುಮಾರು 300 ಮಿ.ಲೀ. ಒಂದು ಸಲಕ್ಕೆ 60ರಿಂದ 120 ಮಿ.ಲೀ. ಸಿಗುತ್ತದೆಂದು ಹಿಡಿದರೆ ಮೂರು ಸಲ ಏಳಬೇಕು. ಎರಡು ಸಲಕ್ಕೆ ಸಾಗುವವರೂ ಇದ್ದಾರೆ. ಎಷ್ಟು ಸಲ ಎಂಬುದನ್ನು ಅಧಿಕಾರಿ ನಿರ್ಧರಿಸುವುದಲ್ಲ, ತಾಯಿಯನ್ನು ಕೇಳಿ ಬರೆದುಕೊಳ್ಳುವುದು.

ಹೊತ್ತು ಮೀರಿದರೆ ಮೊದಲು ಎದೆ ಕಲ್ಲಿನಂತೆ ಬಿಗಿಯುತ್ತದೆ, ಬಟ್ಟೆ ಒದ್ದೆಯಾಗುತ್ತದೆ. ಆಮೇಲೆ ಒಂದು ಜಾಗದಲ್ಲಿ ಗಂಟು, ಕೆಂಪು, ನೋವು. ಅದೂ ಮುಂದುವರಿದರೆ ಚಳಿಜ್ವರದೊಂದಿಗೆ ಎದೆಬಾವು. ಗಂಟು ಕಂಡ ಕೂಡಲೇ ಬಲವಾಗಿ ತಿಕ್ಕುವುದು ಹಳೆಯ ರೂಢಿ. ಈಗಿನ ವೈದ್ಯಕೀಯ ಸಲಹೆ ಇದಕ್ಕೆ ವಿರುದ್ಧವಾಗಿದೆ, ಏಕೆಂದರೆ ಗಟ್ಟಿಯಾಗಿ ಒತ್ತಿದರೆ ಒಳಗಿನ ಊತ ಇನ್ನೂ ಹೆಚ್ಚುತ್ತದೆ. ತಣ್ಣನೆಯ ಬಟ್ಟೆ ಇಡಿ. ಎಂದಿನಷ್ಟೇ ಹಾಲೂಡಿಸುವುದನ್ನು ಮುಂದುವರಿಸಿ. "ಪೂರ್ತಿ ಖಾಲಿ ಮಾಡಿಬಿಡೋಣ" ಎಂದು ಮತ್ತೆ ಮತ್ತೆ ಹಾಲು ತೆಗೆಯುವ ಪಂಪ್ ಹಚ್ಚಬೇಡಿ. ಜ್ವರ ಇದ್ದು ಒಂದು ದಿನದೊಳಗೆ ಇಳಿಯದಿದ್ದರೆ, ಇಲ್ಲವೇ ಮೈಕೈ ನೋವು ಏರುತ್ತಿದ್ದರೆ ವೈದ್ಯರ ಬಳಿ ಹೋಗಬೇಕು. ಇಪ್ಪತ್ತು ನಿಮಿಷ ಉಳಿಸಲು ಹೋದ ಕಚೇರಿಗೆ ಮೂರು ದಿನದ ಅನಾರೋಗ್ಯ ರಜೆ ಗಂಟುಬೀಳುವುದು ಹೀಗೆ.

ಸಮಯ ಎಲ್ಲಿಂದ ಬರುತ್ತದೆ

ಎರಡೂ ಬದಿಗೆ ಒಮ್ಮೆಲೇ ಹಾಕುವ ವಿದ್ಯುತ್ ಪಂಪ್‌ನಲ್ಲಿ 15ರಿಂದ 20 ನಿಮಿಷ ಸಾಕು. ಒಂದೇ ಬದಿಯ ಪಂಪ್ ಅಥವಾ ಕೈಯಿಂದ ತೆಗೆಯುವುದಾದರೆ 20ರಿಂದ 30 ನಿಮಿಷ. ಇದಕ್ಕೆ ನಡೆದು ಹೋಗಿಬರುವುದು, ಕೈ ತೊಳೆಯುವುದು, ಪಂಪ್ ಜೋಡಿಸುವುದು, ಹಾಲು ಎತ್ತಿಡುವುದು, ಭಾಗಗಳನ್ನು ತೊಳೆಯುವುದು ಸೇರಿಸಿ. ವಾಸ್ತವದಲ್ಲಿ ಒಂದು ಸರದಿಗೆ 30ರಿಂದ 40 ನಿಮಿಷ. "ಹದಿನೈದು ನಿಮಿಷದಲ್ಲಿ ಬಂದುಬಿಡಿ" ಎಂದರೆ ಅವಸರಕ್ಕೇ ಹಾಲು ಇಳಿಯುವುದಿಲ್ಲ. ಗಾಬರಿ, ನೋವು, ಮುಜುಗರ ಇವು ಮೂರೂ ಆಕ್ಸಿಟೋಸಿನ್ ಅನ್ನು ತಡೆಯುತ್ತವೆ. ಬಾಗಿಲು ಬಡಿಯುವ ಸದ್ದೊಂದು ಸಾಕು, ಹತ್ತು ನಿಮಿಷ ನೀರಿನಲ್ಲಿ ಹೋದಂತೆಯೇ.

ಈ ಬಿಡುವಿನ ಹಕ್ಕು ಹೊಸತೇನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1919ರ ಹೆರಿಗೆ ಒಡಂಬಡಿಕೆಯೇ ದಿನಕ್ಕೆ ಎರಡು ಸಲ ಅರ್ಧ ಗಂಟೆ ಎಂದಿತ್ತು. 2000ದ 183ನೇ ಒಡಂಬಡಿಕೆ ಮುಂದೆ ಹೋಗಿ, ದಿನಕ್ಕೆ ಒಂದೋ ಹೆಚ್ಚೋ ಬಿಡುವು ಅಥವಾ ಕೆಲಸದ ಅವಧಿಯಲ್ಲಿ ಕಡಿತ ಕೊಡಬೇಕು, ಅದನ್ನು ದುಡಿದ ಸಮಯವೆಂದೇ ಎಣಿಸಿ ಸಂಬಳ ಕೊಡಬೇಕು ಎನ್ನುತ್ತದೆ. ದೇಶಗಳು ಇದನ್ನು ಬೇರೆ ಬೇರೆ ರೀತಿಯಲ್ಲಿ ಬರೆದುಕೊಂಡಿವೆ. ಭಾರತದ ಹೆರಿಗೆ ಸೌಲಭ್ಯ ಕಾನೂನಿನಲ್ಲಿ ಮಗುವಿಗೆ 15 ತಿಂಗಳಾಗುವವರೆಗೆ ಎಂದಿನ ವಿರಾಮದ ಜೊತೆಗೆ ಎರಡು ಬಿಡುವು. ಫಿಲಿಪ್ಪೀನ್ಸ್‌ನ 2009ರ ಕಾಯ್ದೆಯಲ್ಲಿ ಎಂಟು ಗಂಟೆಯ ಕೆಲಸಕ್ಕೆ ಒಟ್ಟು 40 ನಿಮಿಷಕ್ಕೆ ಕಡಿಮೆಯಿಲ್ಲದಂತೆ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಸಂಖ್ಯೆಯೇ ಇಲ್ಲ, ಒಂದು ವರ್ಷದವರೆಗೆ ಅಗತ್ಯಬಿದ್ದಾಗಲೆಲ್ಲ. ನಿಮ್ಮಲ್ಲಿ ಅನ್ವಯಿಸುವ ಸೇವಾ ನಿಯಮದಲ್ಲಿ ಏನಿದೆಯೋ ಅದನ್ನು ಕನಿಷ್ಠ ಮಿತಿಯೆಂದು ಹಿಡಿಯಿರಿ. ಅದಕ್ಕಿಂತ ಹೆಚ್ಚು ಕೊಡಲು ಹೆಚ್ಚಿನ ನಿಯಮಗಳು ಅಡ್ಡಿ ಮಾಡುವುದಿಲ್ಲ.

ಕಷ್ಟ ಇರುವುದು ಬದಲಿ ಆಳಿನಲ್ಲಿ. ಮೇಜಿನ ಕೆಲಸದ ಸಿಬ್ಬಂದಿ ಎದ್ದು ಹೋದರೆ ಕಡತ ಅರ್ಧ ಗಂಟೆ ಕಾಯುತ್ತದೆ, ಅಷ್ಟೇ. ಆದರೆ ಸಾರ್ವಜನಿಕರ ಕೌಂಟರ್, ತರಗತಿ, ವಾರ್ಡು, ದೂರವಾಣಿ ನಿಯಂತ್ರಣ ಕೊಠಡಿ, ಕಾವಲು, ನ್ಯಾಯಾಲಯದ ಕಲಾಪ ಇಂಥ ಕಡೆ ಬದಲಿ ವ್ಯಕ್ತಿ ಇಲ್ಲದೆ ಬಿಡುವು ಇಲ್ಲ. ಅಲ್ಲಿ ಮಾಡಬೇಕಾದ್ದು ಹೀಗೆ:

1. ತಾಯಿ ಹೇಳಿದ ಸಮಯಗಳನ್ನು ಬರೆಯಿರಿ. ಉದಾಹರಣೆಗೆ 11:00, 1:45, 4:15. ಎರಡನೆಯದನ್ನು ಊಟದ ವಿರಾಮಕ್ಕೆ ಅಂಟಿಸಬಹುದು, ಆದರೆ ಊಟದ ವಿರಾಮವನ್ನೇ ಬಿಡುವೆಂದು ಲೆಕ್ಕ ಹಾಕಬೇಡಿ. ತಾಯಿ ಊಟವನ್ನೂ ಮಾಡಬೇಕು.
2. ಪ್ರತಿ ಸಮಯದ ಎದುರು ಬದಲಿ ಕೂರುವವರ ಹುದ್ದೆ ಬರೆಯಿರಿ, ಅವರೂ ರಜೆಯಿದ್ದರೆ ಎರಡನೆಯವರ ಹುದ್ದೆ. ಬದಲಿಯನ್ನು ತಾಯಿಯೇ ಹುಡುಕಿಕೊಳ್ಳಲಿ ಎಂದು ಬಿಡಬೇಡಿ. ದಿನಕ್ಕೆ ಮೂರು ಸಲ ಉಪಕಾರ ಕೇಳುವವರು ಎರಡನೇ ವಾರಕ್ಕೆ ಕೇಳುವುದನ್ನೇ ಬಿಡುತ್ತಾರೆ.
3. ಬದಲಿ ಬರುವವರಿಗೆ ಕಂಪ್ಯೂಟರ್‌ನಲ್ಲಿ ಅವರದೇ ಲಾಗಿನ್ ಕೊಡಿಸಿ. ತಾಯಿಯ ಪಾಸ್‌ವರ್ಡ್‌ನಲ್ಲಿ ಬೇರೆಯವರು ಕೂತು ಕೆಲಸ ಮಾಡಿ, ನಗದು ವ್ಯತ್ಯಾಸ ಬಂದರೆ ಹೊಣೆ ತಾಯಿಯ ತಲೆಗೆ ಬರುತ್ತದೆ. ಈ ಭಯಕ್ಕೇ ಕೌಂಟರ್ ಬಿಟ್ಟು ಏಳದವರಿದ್ದಾರೆ.
4. ಅರ್ಧ ಗಂಟೆ ಹಿಂದುಮುಂದಾದರೆ ನಡೆಯುತ್ತದೆ ಎಂಬುದನ್ನು ಇಬ್ಬರಿಗೂ ತಿಳಿಸಿ. ಒಂದೂವರೆ ಗಂಟೆ ಮುಂದೂಡಿದರೆ ನಡೆಯುವುದಿಲ್ಲ.

ಬೆರಳಚ್ಚು ಹಾಜರಾತಿ ಇರುವ ಕಡೆ ಇನ್ನೊಂದು ತೊಡಕು. ಹತ್ತಿರದ ಶಿಶುಪಾಲನಾ ಕೇಂದ್ರಕ್ಕೆ ಹೋಗಿ ಹಾಲೂಡಿಸಿ ಬರುವ ತಾಯಿ ಗೇಟು ದಾಟುವಾಗ ಯಂತ್ರ "ಹೊರಗೆ" ಎಂದು ದಾಖಲಿಸುತ್ತದೆ, ತಿಂಗಳ ಕೊನೆಗೆ ಅದು ಅರ್ಧ ದಿನದ ರಜೆಯಾಗಿ ಹೊರಬರುತ್ತದೆ. ಹಾಜರಾತಿ ನೋಡಿಕೊಳ್ಳುವವರಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಆ ಸಮಯವನ್ನು ಕರ್ತವ್ಯದ ಸಮಯವೆಂದು ನಮೂದಿಸುವ ವ್ಯವಸ್ಥೆ ಮಾಡಿಸಿ.

ಆದೇಶದಲ್ಲಿ ಏನಿರಬೇಕು

ಸರ್ಕಾರಿ ಕಚೇರಿಯಲ್ಲಿ ಬಾಯಿಮಾತಿನ ಅನುಕೂಲಕ್ಕೆ ಆಯಸ್ಸು ಕಡಿಮೆ. ಕೊಟ್ಟ ಅಧಿಕಾರಿ ವರ್ಗವಾದ ದಿನ ಅದೂ ವರ್ಗವಾಗುತ್ತದೆ. ಒಂದು ಪುಟದ ಕಚೇರಿ ಆದೇಶ ಸಾಕು, ಆದರೆ ಅದು ಹೊರಡಲೇಬೇಕು. ಅದರಲ್ಲಿ "ಸೂಕ್ತ ಸೌಲಭ್ಯ ಕಲ್ಪಿಸುವುದು", "ಅಗತ್ಯ ಕ್ರಮ ಕೈಗೊಳ್ಳುವುದು" ಎಂಬ ಮಾತುಗಳು ಬಂದರೆ ಆ ಆದೇಶ ಕಡತಕ್ಕೆ ಮಾತ್ರ ಉಪಯೋಗ. ಬದಲಿಗೆ ಹೀಗೆ ಬರೆಯಬಹುದು:

"ಹಾಲೂಡಿಸುತ್ತಿರುವ ಯಾವುದೇ ಮಹಿಳಾ ಸಿಬ್ಬಂದಿ, ಖಾಯಂ, ಗುತ್ತಿಗೆ, ಹೊರಗುತ್ತಿಗೆ ಎಂಬ ಭೇದವಿಲ್ಲದೆ, ಕರ್ತವ್ಯದ ಅವಧಿಯಲ್ಲಿ ತಲಾ 40 ನಿಮಿಷದ ಮೂರು ಬಿಡುವುಗಳವರೆಗೆ ಪಡೆಯಬಹುದು. ಈ ಸಮಯವನ್ನು ಕರ್ತವ್ಯವೆಂದು ಪರಿಗಣಿಸಲಾಗುವುದು. ಇದಕ್ಕಾಗಿ ರಜೆ ಕಡಿತ, ವೇತನ ಕಡಿತ ಅಥವಾ ಹೆಚ್ಚುವರಿ ಅವಧಿಯ ಕೆಲಸ ಇರುವುದಿಲ್ಲ. ವೈದ್ಯಕೀಯ ಪ್ರಮಾಣಪತ್ರ ಕೇಳತಕ್ಕದ್ದಲ್ಲ. ಬದಲಿ ವ್ಯವಸ್ಥೆಯ ಹೊಣೆ ಶಾಖೆಯ ಅಧೀಕ್ಷಕರದು. ಕೋಣೆಯ ನಿರ್ವಹಣೆಯ ಹೊಣೆ ಸಿಬ್ಬಂದಿ ಶಾಖೆಯ ಅಧೀಕ್ಷಕರದು."

ಹೊರಗುತ್ತಿಗೆ ಎಂಬ ಪದವನ್ನು ಬಿಡಬೇಡಿ. ಕಸ ಗುಡಿಸುವವರು, ಡೇಟಾ ಎಂಟ್ರಿಯವರು, ಭದ್ರತಾ ಸಿಬ್ಬಂದಿ ಹೆಚ್ಚಾಗಿ ಈ ವರ್ಗದವರೇ. ಆದೇಶದಲ್ಲಿ ಹೆಸರಿಲ್ಲದಿದ್ದರೆ ಅವರಿಗೆ ಬಿಡುವು ಇಲ್ಲವೆಂದೇ ಅರ್ಥವಾಗುತ್ತದೆ. ಏಜೆನ್ಸಿಗೆ ಪ್ರತಿ ಕಳುಹಿಸಿ, ಆ ಹೊತ್ತಿನ ಕೂಲಿ ಹಿಡಿಯಬಾರದೆಂದು ಒಪ್ಪಂದದ ಷರತ್ತಿಗೇ ಸೇರಿಸಿ.

ಹೊಣೆಯನ್ನು ವ್ಯಕ್ತಿಯ ಹೆಸರಿಗಲ್ಲ, ಹುದ್ದೆಗೆ ಬರೆಯಿರಿ. ವ್ಯಕ್ತಿ ಹೋಗುತ್ತಾರೆ, ಹುದ್ದೆ ಉಳಿಯುತ್ತದೆ. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲೂ ಕೋಣೆ, ಫ್ರಿಜ್, ಚಾಲ್ತಿಯಲ್ಲಿರುವ ಬಿಡುವುಗಳು ಎಂಬ ಒಂದು ಸಾಲು ಸೇರಿಸಿ.

ಅವಧಿಯ ಮಿತಿಯ ಬಗ್ಗೆ ಒಂದು ಮಾತು. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಇತರ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೆರಿಗೆ ರಜೆ ಆರು ತಿಂಗಳಿದ್ದರೆ "ಈಗ ಮಗು ಊಟ ಮಾಡುತ್ತದಲ್ಲ, ಇನ್ನೇಕೆ ಬಿಡುವು" ಎಂಬ ಪ್ರಶ್ನೆ ಬರುತ್ತದೆ. ಊಟ ಶುರುವಾದರೂ ಏಳೆಂಟು ತಿಂಗಳಿಗೆ ಹಾಲೇ ಮುಖ್ಯ ಆಹಾರ. ಬಿಡುವಿನ ಸಂಖ್ಯೆ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ತಾನಾಗಿ ಇಳಿಯುತ್ತದೆ. ತಾಯಿ ಹೇಳಿದಂತೆ ಇಳಿಸಿದರಾಯಿತು.

ಕೋಣೆ

ಶೌಚಾಲಯ ಬೇಡ, ಅದರ ಮುಂದಿನ ಮೂಲೆಯೂ ಬೇಡ. ಮಗುವಿನ ಊಟ ತಯಾರಾಗುವ ಜಾಗ ಇದು. ದಾಖಲೆ ಕೊಠಡಿಯೂ ಆಗದು, ಧೂಳಿನ ಕಾರಣಕ್ಕಿಂತ ಹೆಚ್ಚಾಗಿ ಹಳೇ ಕಡತ ಬೇಕೆಂದು ಯಾವಾಗ ಯಾರು ಬಾಗಿಲು ತಟ್ಟುತ್ತಾರೋ ಎಂಬ ಕಾರಣಕ್ಕೆ.

ಒಬ್ಬರಿಗೆ ಏಳು ಅಡಿ ಉದ್ದ, ಏಳು ಅಡಿ ಅಗಲ ಸಾಕು. ಕೆಲಸದ ಜಾಗದಿಂದ ಐದು ನಿಮಿಷದ ನಡಿಗೆಯೊಳಗಿರಲಿ. ನಾಲ್ಕನೇ ಮಹಡಿಯಿಂದ ನೆಲಮಹಡಿಗೆ ಇಳಿದು ಬರಬೇಕಾದರೆ ನಲವತ್ತರಲ್ಲಿ ಹದಿನೈದು ನಿಮಿಷ ಮೆಟ್ಟಿಲಿಗೇ ಹೋಗುತ್ತದೆ. ಇಡೀ ಕೋಣೆ ಸಿಗದಿದ್ದರೆ ದೊಡ್ಡ ಕೋಣೆಯ ಒಂದು ಭಾಗಕ್ಕೆ ತಲೆಗಿಂತ ಎತ್ತರದ ಪಾರ್ಟಿಷನ್ ಮತ್ತು ಚಿಲಕವಿರುವ ಬಾಗಿಲು ಹಾಕಿಸಬಹುದು. ಬರಿಯ ಪರದೆ ಮಾತ್ರ ಆದರೆ ಫ್ಯಾನಿನ ಗಾಳಿಗೆ ಹಾರುತ್ತದೆ, ಯಾರೂ ಬರುವುದಿಲ್ಲ.

ಒಳಗೆ ಇರಬೇಕಾದ್ದು: ನೇರ ಬೆನ್ನಿನ, ಕೈ ಇರುವ, ಒರೆಸಲು ಬರುವ ಕುರ್ಚಿ (ಮೆತ್ತನೆಯ ಸೋಫಾ ನೋಡಲು ಚೆಂದ, ಆದರೆ ಅದರಲ್ಲಿ ಹಿಂದಕ್ಕೆ ಒರಗಿದರೆ ಪಂಪ್ ಮಾಡಲು ಆಗುವುದಿಲ್ಲ, ಸೋರಿದ ಹಾಲು ಬಟ್ಟೆಗೆ ಇಳಿದು ಹುಳಿವಾಸನೆ ಕಟ್ಟುತ್ತದೆ). ಕುರ್ಚಿಯ ಪಕ್ಕ, ಕೈಗೆಟುಕುವಷ್ಟರಲ್ಲಿ ಒಂದು ಮೇಜು, ಅದರ ಮಟ್ಟದಲ್ಲೇ ಎರಡು ಪ್ಲಗ್ ಪಾಯಿಂಟ್. ನೀರು ಬರುವ ತೊಟ್ಟಿ, ಸೋಪು, ಕಾಗದದ ಟವೆಲ್. ಮುಚ್ಚಳವಿರುವ ಕಸದ ಬುಟ್ಟಿ. ಬಟ್ಟೆ, ಚೀಲ ನೇತುಹಾಕಲು ಕೊಕ್ಕೆ. ಒಂದು ಕನ್ನಡಿ, ಹೊರಗೆ ಹೋಗುವ ಮುನ್ನ ಸೀರೆ, ಸಮವಸ್ತ್ರ ನೋಡಿಕೊಳ್ಳಲು. ಕುಡಿಯುವ ನೀರು. ಫ್ರಿಜ್. ತೊಟ್ಟಿಗೆ ಕೊಳವೆ ಎಳೆಸಲು ಆಗದಿದ್ದರೆ ಹತ್ತಿರದ, ಶೌಚಾಲಯವಲ್ಲದ ನಲ್ಲಿ ಸಾಕು. ಹಾಗಿದ್ದರೆ ಒಂದು ಶುದ್ಧ ಬಕೆಟ್ಟು ಮತ್ತು ಮಗ್ಗನ್ನು ಒಳಗಿಡಿ.

ಬಾಗಿಲಿಗೆ ಒಳಗಿನ ಚಿಲಕ ಕಡ್ಡಾಯ, ಹೊರಗಿನ ಬೀಗ ನಿಷಿದ್ಧ. ಕಳ್ಳತನದ ಭಯವಿದ್ದರೆ ಸಂಖ್ಯೆ ಒತ್ತುವ ಬೀಗ ಹಾಕಿ, ಸಂಖ್ಯೆಯನ್ನು ಬಳಸುವವರಿಗೇ ಕೊಡಿ. ಬಾಗಿಲಿನ ಗಾಜಿನ ಕಿಂಡಿ, ಎದುರು ಕಟ್ಟಡದ ಕಿಟಕಿ, ಮೇಲಿನ ವಾತಾಯನ, ಮೂಲೆಯ ಸಿಸಿಟಿವಿ ಇವು ನಾಲ್ಕನ್ನೂ ಕುರ್ಚಿಯಲ್ಲಿ ಕೂತು ನೋಡಿ. ಕ್ಯಾಮೆರಾ ಇದ್ದರೆ ದಿಕ್ಕು ತಿರುಗಿಸುವುದು ಸಾಲದು, ಕಿತ್ತೇ ಹಾಕಿಸಿ. ಅದು ತಿರುಗಿದೆಯೋ ಇಲ್ಲವೋ ಎಂದು ಬಳಸುವವರು ದಿನವೂ ಅನುಮಾನ ಪಡಬಾರದು.

ಎಷ್ಟು ಕುರ್ಚಿ ಎಂಬುದಕ್ಕೆ ಸರಳ ಲೆಕ್ಕವಿದೆ. ಕಾಗದದ ಮೇಲೆ ಎಂಟು ಗಂಟೆಗೆ 40 ನಿಮಿಷದ 12 ಸರದಿ, ಅಂದರೆ ತಲಾ ಮೂರರಂತೆ ನಾಲ್ಕು ತಾಯಂದಿರು. ಆದರೆ ಎಲ್ಲರೂ ಬೆಳಿಗ್ಗೆ ಒಂದೇ ಹೊತ್ತಿಗೆ ಮನೆಯಲ್ಲಿ ಹಾಲೂಡಿಸಿ ಬಂದಿರುತ್ತಾರೆ, ಎಲ್ಲರ ಎದೆಯೂ 10:30ರಿಂದ 12:30ರ ನಡುವೆಯೇ ತುಂಬುತ್ತದೆ. ಆ ಎರಡು ಗಂಟೆಯಲ್ಲಿ ಮೂರೇ ಸರದಿ. ಆದ್ದರಿಂದ ಒಂದು ಕುರ್ಚಿಗೆ ಮೂವರು. ನಾಲ್ಕನೆಯವರು ಬರುವ ಮುಂಚೆ ನಡುವೆ ಪರದೆ ಇಟ್ಟು ಎರಡನೇ ಕುರ್ಚಿ ಹಾಕಿಸಿ.

ಕಚೇರಿಗೆ ಕೆಲಸಕ್ಕೆಂದು ಬರುವ ಸಾರ್ವಜನಿಕ ತಾಯಂದಿರಿಗೂ ಜಾಗ ಬೇಕು, ಆದರೆ ಸಾಧ್ಯವಾದರೆ ಅದು ಬೇರೆಯಾಗಿರಲಿ, ಪ್ರವೇಶದ್ವಾರದ ಹತ್ತಿರ. ಅವರ ಅಗತ್ಯ ಆ ಕ್ಷಣದ್ದು, ಕಾಯಿಸಲಾಗದು. ಸಿಬ್ಬಂದಿಯ ಅಗತ್ಯ ಗಡಿಯಾರದ್ದು. ಎರಡನ್ನೂ ಒಂದೇ ಕುರ್ಚಿಗೆ ಕಟ್ಟಿದರೆ ಇಬ್ಬರಿಗೂ ಮುಜುಗರ.

ಬಳಕೆಯ ವಹಿ ಇಡಲೇಬೇಕೆಂಬ ಆಸೆ ಕಚೇರಿಗಳಿಗೆ ಸಹಜ. ಇಡುವುದಾದರೆ ಗೆರೆ ಮಾತ್ರ ಎಳೆಸಿ: ದಿನಾಂಕ, ಎಷ್ಟು ಸಲ. ಹೆಸರು, ಒಳಗೆ ಹೋದ ಸಮಯ, ತೆಗೆದ ಹಾಲಿನ ಪ್ರಮಾಣ ಯಾವುದೂ ಬೇಡ.

ಇನ್ನೊಂದು ಎಚ್ಚರಿಕೆ. ಫ್ರಿಜ್, ಕುರ್ಚಿ, ಗೋಡೆಚಿತ್ರ ಉಚಿತವಾಗಿ ಕೊಡುತ್ತೇವೆಂದು ಶಿಶು ಹಾಲಿನ ಪುಡಿ ಅಥವಾ ಬಾಟಲಿ ಮಾರುವ ಕಂಪನಿ ಬಂದರೆ ಒಪ್ಪಬೇಡಿ. ಎದೆಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ಕಡಿವಾಣ ಹಾಕಲು ವಿಶ್ವ ಆರೋಗ್ಯ ಸಭೆ 1981ರಲ್ಲೇ ಅಂತರರಾಷ್ಟ್ರೀಯ ಸಂಹಿತೆ ಅಂಗೀಕರಿಸಿದೆ. ಹಾಲೂಡಿಸುವ ಕೋಣೆಯ ಗೋಡೆಯ ಮೇಲೆ ಡಬ್ಬಿಹಾಲಿನ ಲಾಂಛನ ಇರುವುದು ನಗೆಪಾಟಲು. ಬೇಕಾದ ಸಾಮಾನು ಹೆಚ್ಚೇನಿಲ್ಲ, ಸಾದಿಲ್ವಾರು ವೆಚ್ಚದಲ್ಲಿ ಖರೀದಿಸಿ.

ಹಾಲು ತೆಗೆಯುವುದು

ಕೈಯಿಂದ ತೆಗೆಯುವುದನ್ನು ಎಲ್ಲ ತಾಯಂದಿರೂ ಕಲಿತಿರುವುದು ಒಳ್ಳೆಯದು. ವಿದ್ಯುತ್ ಇಲ್ಲದಾಗ, ಪಂಪ್ ಮರೆತು ಬಂದಾಗ ಅದೇ ಗತಿ. ಸೋಪಿನಿಂದ ಕೈ ತೊಳೆದು, ಬಾಯಗಲದ ಶುದ್ಧ ಪಾತ್ರೆ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿ. ಎರಡು ನಿಮಿಷ ಎದೆಯನ್ನು ಹಗುರವಾಗಿ ಸವರಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ಮೊಲೆತೊಟ್ಟಿನಿಂದ ಎರಡು ಮೂರು ಸೆಂ.ಮೀ. ಹಿಂದೆ ಬರುವಂತೆ ಇಂಗ್ಲಿಷಿನ ಸಿ ಅಕ್ಷರದ ಆಕಾರದಲ್ಲಿಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳನ್ನು ಒಂದಕ್ಕೊಂದು ಅಮುಕಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಹಿಡಿದೆಳೆಯಬಾರದು. ಮೊದಲ ಒಂದೆರಡು ನಿಮಿಷ ಹನಿಯೂ ಬರದಿದ್ದರೆ ಗಾಬರಿ ಬೇಡ. ಹನಿ ನಿಧಾನವಾದಾಗ ಬೆರಳಿನ ಜಾಗ ತಿರುಗಿಸಿ, ಮೂರರಿಂದ ಐದು ನಿಮಿಷಕ್ಕೆ ಇನ್ನೊಂದು ಬದಿಗೆ ಹೋಗಿ, ಮತ್ತೆ ಮರಳಿ. ಮಗುವಿನ ಚಿತ್ರ, ಅದರ ವಾಸನೆಯಿರುವ ಬಟ್ಟೆ ಎದುರಿಗಿದ್ದರೆ ಹಾಲು ಬೇಗ ಇಳಿಯುತ್ತದೆ.

ಪಂಪ್‌ನಲ್ಲಿ ಎಡವುವುದು ಎರಡು ಕಡೆ. ಒಂದು, ಎದೆಗೆ ಇಡುವ ಆಲಿಕೆಯ ಅಳತೆ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದೇ ಅಳತೆ ಬಂದಿರುತ್ತದೆ, ಅದೇ ಎಲ್ಲರಿಗೂ ಹೊಂದುವುದಿಲ್ಲ. ಆಲಿಕೆಯ ಕೊಳವೆ ತೊಟ್ಟಿನ ಅಗಲಕ್ಕಿಂತ ಒಂದರಿಂದ ಮೂರು ಮಿ.ಮೀ. ಮಾತ್ರ ದೊಡ್ಡದಿರಬೇಕು. ಚಿಕ್ಕದಾದರೆ ತೊಟ್ಟು ಉಜ್ಜಿ ಗಾಯ, ದೊಡ್ಡದಾದರೆ ಸುತ್ತಲಿನ ಕಪ್ಪು ಭಾಗವೂ ಒಳಗೆ ಎಳೆದುಕೊಂಡು ಊತ. ಎರಡು, ಎಳೆತ. ಹೆಚ್ಚಿಸಿದಷ್ಟೂ ಹಾಲು ಹೆಚ್ಚು ಬರುತ್ತದೆಂಬುದು ತಪ್ಪು, ನೋವಾದರೆ ಇಳಿಯುವುದೇ ನಿಲ್ಲುತ್ತದೆ. ವೇಗದ, ಹಗುರದ ಎಳೆತದಿಂದ ಶುರುಮಾಡಿ, ಹಾಲು ಇಳಿದ ಮೇಲೆ ನಿಧಾನದ, ಆಳದ ಎಳೆತಕ್ಕೆ ಹೋಗಿ. ನಿನ್ನೆಯವರೆಗೆ ಚೆನ್ನಾಗಿದ್ದ ಪಂಪ್ ಇದ್ದಕ್ಕಿದ್ದಂತೆ ಎಳೆಯದಿದ್ದರೆ ಮೋಟಾರು ಕೆಟ್ಟಿತೆಂದು ಹೆದರುವ ಮುನ್ನ ಸಣ್ಣ ರಬ್ಬರ್ ಕವಾಟ ನೋಡಿ. ಅದರಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಗಾಳಿ ಸೋರುತ್ತದೆ. ಚೀಲದಲ್ಲಿ ಒಂದು ಹೆಚ್ಚುವರಿ ಕವಾಟ ಇರಲಿ.

ಒಬ್ಬರ ಸ್ವಂತ ಪಂಪ್ ಇನ್ನೊಬ್ಬರು ಬಳಸಬಾರದು, ಒಳಭಾಗಕ್ಕೆ ಹಾಲು ನುಗ್ಗಿರಬಹುದು, ಅದನ್ನು ಬಿಚ್ಚಿ ತೊಳೆಯಲು ಆಗದು. ಕಚೇರಿಯೇ ಕೊಳ್ಳುವುದಾದರೆ ಹಲವರ ಬಳಕೆಗೆಂದೇ ತಯಾರಾದ ಆಸ್ಪತ್ರೆ ದರ್ಜೆಯ ಪಂಪ್ ಕೊಳ್ಳಿ. ಆಗಲೂ ಆಲಿಕೆ, ಕೊಳವೆ, ಬಾಟಲಿ ಪ್ರತಿಯೊಬ್ಬರಿಗೂ ಬೇರೆ.

ಹಾಲು ತಾಗಿದ ಭಾಗಗಳನ್ನು ಪ್ರತಿ ಸಲ ಬಳಸಿದ ಮೇಲೆ ತೊಳೆಯಬೇಕು. ಕೈತೊಳೆಯುವ ತೊಟ್ಟಿಯೊಳಗೆ ನೇರವಾಗಿ ಹಾಕಬೇಡಿ, ಅದರಲ್ಲಿ ಎಲ್ಲರ ಕೈಯ ಕೊಳೆಯಿದೆ. ಇದಕ್ಕೆಂದೇ ಒಂದು ಚಿಕ್ಕ ಬೋಗುಣಿ, ಒಂದು ಬ್ರಷ್ ಇಟ್ಟುಕೊಂಡು ಸೋಪು, ಬಿಸಿನೀರಲ್ಲಿ ತೊಳೆದು, ಹರಿಯುವ ನೀರಲ್ಲಿ ಜಾಲಿಸಿ, ಶುದ್ಧ ಕಾಗದದ ಮೇಲೆ ಗಾಳಿಗೆ ಆರಿಸಿ. ಬಟ್ಟೆಯಲ್ಲಿ ಒರೆಸಬೇಡಿ. ಸಮಯ ಸಾಲದಿದ್ದರೆ ಎರಡು ಮೂರು ಜೊತೆ ಭಾಗಗಳನ್ನು ತಂದು ಮನೆಯಲ್ಲಿ ಒಟ್ಟಿಗೆ ತೊಳೆಯುವುದೇ ಸುಲಭ. ಮಗುವಿಗೆ ಎರಡು ತಿಂಗಳು ತುಂಬಿರದಿದ್ದರೆ, ಅವಧಿಗೆ ಮುಂಚೆ ಹುಟ್ಟಿದ್ದರೆ ಅಥವಾ ರೋಗನಿರೋಧಕ ಶಕ್ತಿ ಕಡಿಮೆಯಿದ್ದರೆ ದಿನಕ್ಕೊಮ್ಮೆ ಐದು ನಿಮಿಷ ಕುದಿಸಬೇಕು. ಕೊಳವೆಯೊಳಗೆ ತೇವ ಕಂಡರೆ ಪಂಪನ್ನು ಒಂದೆರಡು ನಿಮಿಷ ಖಾಲಿ ಓಡಿಸಿ ಆರಿಸಿ. ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು, ಕೊಳವೆ ಎಸೆಯಿರಿ.

ಇಡುವುದು, ಒಯ್ಯುವುದು

ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ. ಸೆಕೆಯ ದಿನ ಕೋಣೆ 30 ದಾಟಿದ್ದರೆ ಆ ನಾಲ್ಕು ಗಂಟೆಯನ್ನು ನಂಬಬೇಡಿ, ಕೂಡಲೇ ತಂಪಿಗೆ ಸೇರಿಸಿ. ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ನಾಲ್ಕು ದಿನ. ಗಟ್ಟಿಯಾಗಿ ಹೆಪ್ಪುಗಟ್ಟಿದ ಮಂಜಿನ ಪ್ಯಾಕ್ ಇರುವ ಶಾಖನಿರೋಧಕ ಚೀಲದಲ್ಲಿ 24 ಗಂಟೆ. ಅಂದರೆ ಕಚೇರಿಯಲ್ಲಿ ಫ್ರಿಜ್ ಇಲ್ಲವೆಂಬುದು ನೆಪವಾಗಬಾರದು. ಒಂದು ಒಳ್ಳೆಯ ಚೀಲ, ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟ ಎರಡು ಪ್ಯಾಕ್, ದಿನಕ್ಕೆ ಸಾಕು. ಮುಚ್ಚಳವನ್ನು ಪದೇಪದೇ ತೆಗೆಯದಿದ್ದರೆ ಆಯಿತು.

ಫ್ರಿಜ್ ಇದ್ದರೆ ಒಳಗೊಂದು ಥರ್ಮಾಮೀಟರ್ ಇಡಿ. ಹಾಲನ್ನು ಬಾಗಿಲ ಅರೆಯಲ್ಲಿಡದೆ ಹಿಂಬದಿಗೆ ಇಡಬೇಕು, ಬಾಗಿಲ ಜಾಗ ತೆರೆದಾಗಲೆಲ್ಲ ಬಿಸಿಯಾಗುತ್ತದೆ. ರಾತ್ರಿ ಹೋಗುವಾಗ ಮುಖ್ಯ ಸ್ವಿಚ್ ಆರಿಸುವ ಪದ್ಧತಿ ಅನೇಕ ಕಚೇರಿಗಳಲ್ಲಿದೆ. ಫ್ರಿಜ್ಜಿನ ಸ್ವಿಚ್ಚಿನ ಮೇಲೆ ಪಟ್ಟಿ ಅಂಟಿಸಿ, ಕಾವಲುಗಾರರಿಗೂ ಹೇಳಿ. ಹಗಲಲ್ಲಿ ವಿದ್ಯುತ್ ಹೋದರೆ ಬಾಗಿಲು ತೆರೆಯದೆ ಬಿಟ್ಟರೆ ನಾಲ್ಕು ಗಂಟೆ ತಂಪು ಉಳಿಯುತ್ತದೆ. ಎಲ್ಲರ ಊಟದ ಡಬ್ಬಿಯಿರುವ ಫ್ರಿಜ್‌ನಲ್ಲಿ ಎದೆಹಾಲು ಇಡಬಹುದೇ ಎಂದು ಯಾರಾದರೂ ಮೂಗು ಮುರಿದರೆ ಉತ್ತರ ಚಿಕ್ಕದು: ಅದೂ ಆಹಾರವೇ, ಪ್ರತ್ಯೇಕ ಎಚ್ಚರಿಕೆ ಬೇಕಿಲ್ಲ. ಆದರೂ ಹೆಸರು, ದಿನಾಂಕ, ಸಮಯ ಬರೆದ ಮುಚ್ಚಿದ ಡಬ್ಬಿಯೊಳಗೆ ಬಾಟಲಿ ಇಟ್ಟರೆ ಕಾಫಿಗೆ ಹಾಲು ಹುಡುಕುವವರ ಕೈಯಿಂದ ಉಳಿಯುತ್ತದೆ.

ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಗೂ ಹೇಳಿಕೊಡಬೇಕು. ಫ್ರಿಜ್‌ನಲ್ಲಿಟ್ಟ ಹಾಲಿನ ಮೇಲೆ ಕೆನೆ ಬೇರೆಯಾಗಿ ನಿಲ್ಲುತ್ತದೆ, ಅದು ಕೆಟ್ಟ ಹಾಲಲ್ಲ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಸೋಪಿನಂಥ ವಾಸನೆ ಬಂದರೂ ಕುಡಿಸಬಹುದು, ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದದ್ದರ ವಾಸನೆ ಅದು. ಹುಳಿ ವಾಸನೆ ಬೇರೆ, ಅದು ಬಂದರೆ ಚೆಲ್ಲಿ. ಬಿಸಿ ಮಾಡುವುದು ಉಗುರುಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟು ಮಾತ್ರ, ಒಲೆಯ ಮೇಲಲ್ಲ, ಮೈಕ್ರೋವೇವ್‌ನಲ್ಲಂತೂ ಅಲ್ಲ. ಮೈಕ್ರೋವೇವ್ ಅಲ್ಲಲ್ಲಿ ಮಾತ್ರ ಕುದಿಸುತ್ತದೆ, ಬಾಟಲಿ ಹೊರಗೆ ತಣ್ಣಗಿದ್ದರೂ ಒಳಗಿನ ಹಾಲು ಬಾಯಿ ಸುಡುತ್ತದೆ. ಮಗು ಕುಡಿದು ಬಿಟ್ಟದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ 60 ಮಿ.ಲೀ.ಯಂತೆ ಸಣ್ಣ ಭಾಗ ಮಾಡಿಟ್ಟರೆ ಚೆಲ್ಲುವುದು ಕಡಿಮೆ. ಫ್ರೀಜರ್‌ನಿಂದ ತೆಗೆದು ಕರಗಿಸಿದ ಹಾಲನ್ನು ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಬಳಸಿ, ಮತ್ತೆ ಹೆಪ್ಪುಗಟ್ಟಿಸಬೇಡಿ. ಬಾಟಲಿಗಿಂತ ಸಣ್ಣ ಲೋಟ ಅಥವಾ ಒಳಲೆಯಲ್ಲಿ ಕುಡಿಸಿದರೆ ತೊಳೆಯುವುದು ಸುಲಭ, ಸಂಜೆ ತಾಯಿ ಬಂದಾಗ ಮಗು ಎದೆ ಬೇಡವೆನ್ನುವ ಸಂಭವವೂ ಕಡಿಮೆ.

ಕಚೇರಿಯ ಹೊರಗಿನ ಕೆಲಸ

ಕ್ಷೇತ್ರ ಭೇಟಿ, ತಪಾಸಣೆ, ಗಣತಿ, ಚುನಾವಣೆ, ಬಂದೋಬಸ್ತು, ಬೇರೆ ಊರಿನ ತರಬೇತಿ ಇವೆಲ್ಲ ಒಂದು ದಿನ ಮುಂಚೆ ಬರುವ ಆದೇಶಗಳು. ಹಾಲೂಡಿಸುವವರನ್ನು ರಾತ್ರಿ ತಂಗಬೇಕಾದ ನಿಯೋಜನೆಯಿಂದ, ಆಕೆ ಬಯಸಿದರೆ, ಬಿಡಿ. "ಬಯಸಿದರೆ" ಎಂಬುದು ಮುಖ್ಯ. ಒಳ್ಳೆಯ ಉದ್ದೇಶದಿಂದಲೇ ಕೇಳದೆ ಹೆಸರು ತೆಗೆದುಹಾಕಿ, ಬಡ್ತಿಗೆ ಬೇಕಾದ ತರಬೇತಿಯನ್ನೂ ತಪ್ಪಿಸುವವರಿದ್ದಾರೆ. ಹಗಲಿನ ಭೇಟಿಗೆ ಹೋಗಲೇಬೇಕಾದರೆ ದಾರಿಯಲ್ಲಿ ಮೂರು ಗಂಟೆಗೊಮ್ಮೆ ಸಿಗುವ ಸರ್ಕಾರಿ ಕಟ್ಟಡ, ಅಲ್ಲಿ ಒಂದು ಚಿಲಕವಿರುವ ಕೋಣೆ ಮೊದಲೇ ಮಾತಾಡಿಟ್ಟಿರಲಿ. ಕಿಟಕಿಗೆ ಪರದೆಯಿರುವ ಇಲಾಖೆಯ ವಾಹನ, ಬ್ಯಾಟರಿ ಪಂಪ್, ಮಂಜಿನ ಚೀಲ ಇದ್ದರೂ ನಡೆಯುತ್ತದೆ, ಚಾಲಕರು ಇಳಿದು ದೂರ ನಿಲ್ಲಬೇಕು ಅಷ್ಟೆ.

ಕೆಲವು ಕೆಲಸಗಳಲ್ಲಿ ಬಿಡುವಿಗಿಂತ ಅಪಾಯದ ಮಾತು ಮೊದಲು ಬರುತ್ತದೆ. ಗುಂಡು ಹಾರಿಸುವ ಅಭ್ಯಾಸದ ಜಾಗದಲ್ಲಿ ಸೀಸದ ಧೂಳಿರುತ್ತದೆ, ಸೀಸ ಹಾಲಿಗೂ ಸೇರುತ್ತದೆ. ಕೀಟನಾಶಕ ಸಿಂಪಡಣೆ, ಕ್ಯಾನ್ಸರ್ ಔಷಧ ಬೆರೆಸುವ ಕೆಲಸ, ವಿಕಿರಣಶೀಲ ಅಯೋಡಿನ್ ಮುಟ್ಟುವ ಕೆಲಸಗಳೂ ಹಾಗೆಯೇ. ಇಂಥವುಗಳಿಂದ ಆ ಅವಧಿಗೆ ಅದೇ ವೇತನದಲ್ಲಿ ಬೇರೆ ಕೆಲಸಕ್ಕೆ ಹಾಕಬೇಕು. ಇನ್ನು ಗುಂಡುನಿರೋಧಕ ಕವಚ, ಬಿಗಿಯಾದ ಬೆಲ್ಟು: ಗಂಟೆಗಟ್ಟಲೆ ಎದೆಯನ್ನು ಒತ್ತಿದರೆ ಹಾಲುನಾಳ ಕಟ್ಟುತ್ತದೆ. ಅಳತೆ ಬದಲಿಸಿಕೊಡಿ, ಇಲ್ಲವೇ ಒಳಗಿನ ಕರ್ತವ್ಯ ಕೊಡಿ.

ಮರಳುವ ಮುನ್ನ

ಸಿಬ್ಬಂದಿ ಶಾಖೆ ಹೆರಿಗೆ ರಜೆ ಮಂಜೂರು ಮಾಡುವ ಪತ್ರದ ಜೊತೆಯಲ್ಲೇ ಆ ಒಂದು ಪುಟದ ಆದೇಶದ ಪ್ರತಿ ಕಳುಹಿಸಿದರೆ ತಾಯಿ ಬಾಯಿಬಿಟ್ಟು ಕೇಳುವ ಸಂಕೋಚವೇ ಉಳಿಯುವುದಿಲ್ಲ. ಮರಳುವುದಕ್ಕೆ ಮೂರು ವಾರ ಮುಂಚೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿ: ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ, ಮಗುವನ್ನು ಹತ್ತಿರ ಕರೆತರುವವರಿದ್ದಾರೆಯೇ ಅಥವಾ ಹಾಲು ತೆಗೆದಿಡುವುದೇ, ಮೊದಲ ವಾರ ಅರ್ಧ ದಿನ ಬಂದರೆ ಅನುಕೂಲವೇ. ಸಾಧ್ಯವಿದ್ದರೆ ವಾರದ ನಡುವೆ, ಬುಧವಾರ ಅಥವಾ ಗುರುವಾರ, ಕೆಲಸಕ್ಕೆ ಹಾಜರಾಗುವುದು ಒಳ್ಳೆಯದು. ಎರಡು ದಿನ ಕಳೆದು ರಜೆ ಸಿಗುತ್ತದೆ, ಹಾಲು, ನಿದ್ದೆ, ಮಗು ಎಲ್ಲವೂ ಸುಧಾರಿಸಿಕೊಳ್ಳುತ್ತವೆ. ತಾಯಿ ತನ್ನ ಕಡೆಯಿಂದ ಎರಡು ಮೂರು ವಾರ ಮುಂಚೆಯೇ ದಿನಕ್ಕೊಮ್ಮೆ ಹಾಲು ತೆಗೆಯುವ ಅಭ್ಯಾಸ ಮಾಡಿಕೊಳ್ಳಲಿ. ಬೆಳಗಿನ ಮೊದಲ ಹಾಲೂಡಿಕೆಯ ನಂತರದ ಹೊತ್ತು ಇದಕ್ಕೆ ಒಳ್ಳೆಯದು. ಮೊದಲ ದಿನಗಳಲ್ಲಿ ಎರಡು ಚಮಚವಷ್ಟೇ ಬಂದರೂ ಅದು ಸಹಜ.

ಹಾಗೆಯೇ ಕೋಣೆಯನ್ನೂ ಮೊದಲೇ ಪರೀಕ್ಷಿಸಿ. ಮಹಿಳಾ ಸಿಬ್ಬಂದಿಯೊಬ್ಬರು ಕಚೇರಿಯ ಗಿಜಿಬಿಜಿ ಹೊತ್ತಿನಲ್ಲಿ, 11 ಗಂಟೆಗೆ, ಒಳಗೆ ಹೋಗಿ ಚಿಲಕ ಹಾಕಿ ಇಪ್ಪತ್ತು ನಿಮಿಷ ಕೂರಲಿ. ಎಷ್ಟು ಸಲ ಬಾಗಿಲು ಬಡಿದರು, ಪ್ಲಗ್‌ನಲ್ಲಿ ವಿದ್ಯುತ್ ಇದೆಯೇ, ನಲ್ಲಿಯಲ್ಲಿ ನೀರು ಬಂತೇ, ಫ್ಯಾನು ತಿರುಗಿತೇ, ಥರ್ಮಾಮೀಟರ್ ಎಷ್ಟು ತೋರಿಸಿತು ಎಂದು ಬರೆದು ಕೊಡಲಿ. ತಿಂಗಳಿಗೊಮ್ಮೆ ಇದೇ ಪರೀಕ್ಷೆ, ಅದೇ ಹೊತ್ತಿನಲ್ಲಿ. ಬಳಸುವವರು ಯಾರೂ ಇಲ್ಲದ ತಿಂಗಳಲ್ಲೂ ಬಿಡಬಾರದು, ಏಕೆಂದರೆ ಮುರಿದ ಕುರ್ಚಿಗಳು ಒಳಗೆ ಬರುವುದು ಆ ತಿಂಗಳಲ್ಲೇ.